ಹಿಮ ಅಳೆಯುವ ಇಸ್ಸಾತ್

ಉತ್ತರ ಧ್ರುವದ ಹತ್ತಿರದ ಕೌಟೊಕೈನೊ ಊರಿನ ಇಸ್ಸಾತ್‌ಗೆ ಹಿಮ ಅಳೆಯುವ ಕೆಲಸ ಸಿಕ್ಕಿದ್ದೇ ತಡ, ತಲೆಗೆ ಕೋಡು ಮೂಡಿತು. ಹಿಮಸಾರಂಗ ಮೇಯಿಸಲು ಮೈ ಬಗ್ಗದೆ ತನ್ನ ಹಿಂಡನ್ನು ಅಕ್ಕ ರಾವ್ದ್ನಾಳಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದವನು, ಈಗ ಸಂಶೋಧನಾ ಕೇಂದ್ರದ ಕೆಂಪು ಕೋಟನ್ನು ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ.

ಯಾರೂ ತುಳಿಯದ ಬಯಲಿನಲ್ಲಿ ನಡೆದು, ಅಲ್ಲಲ್ಲಿ ನೆಲ ತಾಗುವವರೆಗೆ ಕೋಲು ಚುಚ್ಚಿ, ಹಿಮದ ಆಳವನ್ನು ಆಫೀಸಿಗೆ ತಿಳಿಸಬೇಕು. ಇಷ್ಟೇ ಕೆಲಸ. ಆದರೆ ಮಹಾಶಯ ಹಿಮದ ಸ್ಕೂಟರಿನಿಂದ ಇಳಿದರೆ ತಾನೆ? ಸ್ಕೂಟರುಗಳು ಓಡಾಡಿ ಅಮುಕಿದ ದಾರಿಯಲ್ಲೇ, ಕೂತಲ್ಲಿಂದಲೇ ಚುಚ್ಚುತ್ತಿದ್ದ. ಕೇಳಿದವರಿಗೆ, ಹಿಮಸಾರಂಗ ಸಾಕುವ ತನ್ನ ಸಾಮಿ ಜನರ ಮರ್ಯಾದೆಯ ಪಾಠ ಹೇಳುತ್ತಿದ್ದ: ಇನ್ನೊಬ್ಬರ ಮೇವಿನ ಮೇಲಿನ ಹಿಮ ತುಳಿಯಬಾರದು, ತುಳಿದರೆ ಗಟ್ಟಿಯಾಗಿ ಸಾರಂಗಕ್ಕೆ ಕೆದಕಲು ಬರುವುದಿಲ್ಲ. ಮಾತು ನಿಜವೇ. ಹಿರಿಯರು ಕಾಪಾಡಿಕೊಂಡು ಬಂದ ಪದ್ಧತಿ ಇವನ ಸೋಮಾರಿತನಕ್ಕೆ ಕಂಬಳಿಯಾಯಿತು.

ಅಮುಕಿದ ಹಿಮದ ಅವನ ಅಳತೆ ನಂಬಿ ಆಫೀಸು ಹಿಮ ಕಡಿಮೆ ಎಂದಿತು. ಹಿಮ ಆಳವಾದಾಗ ರಾವ್ದ್ನಾಳ ಹಿಂಡಿಗೆ ಬರಬೇಕಿದ್ದ ಸರ್ಕಾರಿ ಮೇವು ನಿಂತಿತು. ಗಬ್ಬದ ಸಾರಂಗಗಳು ಕೆದಕಿ ಕೆದಕಿ ಸೋತು ಮಲಗತೊಡಗಿದವು. ಅವಳು ತಮ್ಮನನ್ನು ಹುಡುಕಿಕೊಂಡು ಬಯಲಿಗೇ ಬಂದಳು.

"ಅಕ್ಕಾ, ವಿಜ್ಞಾನ ಸುಳ್ಳು ಹೇಳಲ್ಲ" ಎಂದ ಇಸ್ಸಾತ್.

"ಹೇಳಲ್ಲ ಕಣೋ. ಪಾಪ, ಅದೂ ನಿನ್ ಜೊತೆ ಸೀಟಲ್ಲೇ ಕೂತಿದೆ. ಇಳಿ."

ಅವನು ಮತ್ತೆ ಮರ್ಯಾದೆಯ ಪಾಠ ತೆಗೆದ.

"ಇದು ನನ್ ಹಿಂಡಿನ ಮೇವು. ನಾನೇ ಹೇಳ್ತಿದೀನಿ, ತುಳಿ."

ಕೆಂಪು ಕೋಟಿನ ಮಾನದ ಪ್ರಶ್ನೆ. ಇಸ್ಸಾತ್ ಎದೆ ಸೆಟೆಸಿಕೊಂಡು ದಾರಿಯಾಚೆ ಹಾರಿದ. ಸೊಂಟದವರೆಗೆ ಹೂತುಹೋದ. ಒದ್ದಾಡಿದಷ್ಟೂ ಇನ್ನಷ್ಟು ಇಳಿದ. ರಾವ್ದ್ನಾ ಹಗ್ಗ ತೆಗೆದಳು, ಎಸೆಯಲಿಲ್ಲ. ಸ್ಕೂಟರಿನ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡಳು. ಮೊದಲು ಆಫೀಸಿಗೆ ಫೋನು, ಆಮೇಲೆ ಹಗ್ಗ ಎಂದಳು. ಕೆಲಸ ಹೋಗುತ್ತದೆ ಎಂದು ಅವನು ಅಂಗಲಾಚಿದ.

"ಹೋಗ್ಲಿ. ಹೊಟ್ಟೇಲಿ ಮರಿ ಇಟ್ಕೊಂಡು ಸಾಯ್ತಿವೆ ಅವು. ನಿನ್ ಕೋಟು ತಿಂದು ಬದುಕ್ತವಾ?"

ಅವಳು ಅಳುತ್ತಿದ್ದಳು. ಅಕ್ಕ ಅಳುವುದನ್ನು ಇಸ್ಸಾತ್ ಎಂದೂ ನೋಡಿರಲಿಲ್ಲ. ಫೋನು ಹಚ್ಚಿ, ಹಿಮ ಸೊಂಟ ಮುಟ್ಟಿದೆ ಎಂದು ತಿಳಿಸಿದ. ಆಫೀಸಿನ ಹೆಂಗಸಿಗೆ ದಿಗ್ಭ್ರಮೆ. ಹಿಂದಿನ ಅಳತೆಗಳನ್ನೂ ಹೀಗೇ ದಾರಿ ಬಿಟ್ಟು ಇಳಿದು ತೆಗೆದುಕೊಂಡದ್ದೇ ಎಂದು ಕೇಳಿದಳು.

ಇಸ್ಸಾತ್ ಹಗ್ಗ ನೋಡಿದ, ಅಕ್ಕನ ಮುಖ ನೋಡಿದ.

"ಇಲ್ಲ" ಎಂದ. "ನಾನು ಇಳಿದಿದ್ದು ಇವತ್ತೇ."