ತಂಬಿಗೆಯ ಮೇಲಿನ ಮೂರಕ್ಷರ

ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ನನ್ನ ಕಸುಬು. ಸಿಂದಗಿಯ ಬಜಾರಿನ ಒಂದು ಭಾಂಡೆ ಅಂಗಡಿಯ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಇಪ್ಪತ್ತೆರಡು ವರ್ಷ ಕೂತೆ. ಕೈಯಲ್ಲಿ ಜುಂಯ್ ಎನ್ನುವ ಕರೆಂಟಿನ ಮಶೀನು, ತೊಡೆಯ ಮೇಲೆ ಯಾರದೋ ಮದುವೆಯ ಕೊಡ. ಮುದ್ದೇಬಿಹಾಳ, ತಾಳಿಕೋಟೆ, ಇಂಡಿ, ಎಲ್ಲಿಯ ಬೀಗರಾದರೂ ಸರಿ, ಈ ಅಂಗಡಿಯಲ್ಲಿ ಪಾತ್ರೆ ಕೊಂಡರೆ ಅವರ ಹೆಸರು ನನ್ನ ಕೈ ಹಾದೇ ಹೋಗಬೇಕು. ನಾನು ಹೆಚ್ಚು ಓದಿದವನಲ್ಲ, ಆದರೆ ಕಾಗುಣಿತದಲ್ಲಿ ನನ್ನ ತಪ್ಪು ಹಿಡಿದವರು ಕಡಿಮೆ. ಹಿಡಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನಮ್ಮ ಕಡೆ ಅಡ್ಡಹೆಸರಿನದೊಂದು ತಮಾಷೆ ಇದೆ. ಮನಗೂಳಿಯಲ್ಲೇ ಇರುವವರನ್ನು ಯಾರೂ ಮನಗೂಳಿ ಎಂದು ಕರೆಯುವುದಿಲ್ಲ. ಅಲ್ಲಿಂದ ಎದ್ದು ಇಂಡಿಗೋ ಸಿಂದಗಿಗೋ ಬಂದು ಬಿಡಾರ ಹೂಡಿದವರು ಮನಗೂಳಿಯವರಾಗುತ್ತಾರೆ. ಊರಲ್ಲಿ ಇರುವ ತನಕ ಊರಿನ ಹೆಸರು ಬರುವುದಿಲ್ಲ, ಬಿಟ್ಟು ಬಂದ ಮೇಲೆ ಅಂಟಿಕೊಳ್ಳುತ್ತದೆ. ನಾವು ಯಂಕಂಚಿಯವರು. ನನ್ನ ಅಪ್ಪ ಯಂಕಂಚಿಯಿಂದ ಸಿಂದಗಿಗೆ ಹಮಾಲಿ ಮಾಡಲು ಬಂದವನು. ಎರಡು ವರ್ಷ ದುಡಿದು ವಾಪಸ್ ಹೋಗೋಣ ಎಂದು ಅವ್ವನಿಗೆ ಹೇಳಿದ್ದನಂತೆ. ಆಮೇಲೊಂದು ದಿನ ಇಬ್ಬರೂ ಬಜಾರಿಗೆ ಹೋಗಿ ಸ್ಟೀಲಿನ ತಾಟು ಕೊಂಡರು. ಹೆಸರು ಕೊರೆಯುವವನು ಯಾವೂರು ಎಂದು ಕೇಳಿ, ಅಪ್ಪನ ಹೆಸರಿನ ಮುಂದೆ ಯಂಕಂಚಿ ಎಂದು ಕೊರೆದ. ಆ ತಾಟಿನಲ್ಲಿ ಉಂಡೇ ನಾನು ಬೆಳೆದೆ. ಅಪ್ಪ ತಿರುಗಿ ಹೋಗಲಿಲ್ಲ.

ದೇಶಕ್ಕೆ ಕೆಟ್ಟ ಕಾಲ ಬಂದದ್ದನ್ನು ಜನ ಟಿವಿಯಲ್ಲಿ ನೋಡಿ ತಿಳಿದುಕೊಂಡರು, ನಾನು ಅಕ್ಷರಗಳಲ್ಲಿ ನೋಡಿದೆ. ಹೆಸರು ಹಾಕುವುದಕ್ಕೆ ಅಕ್ಷರದ ಮೇಲೆ ಕೂಲಿ. ಮೊದಲೆಲ್ಲ ಒಂದು ಹಂಡೆಯ ಮೇಲೆ ಕೊಟ್ಟವರ ಹೆಸರು, ಅಡ್ಡಹೆಸರು, ಊರು, ತಾಲೂಕು, ತಾರೀಖು, ಕೊನೆಗೆ 'ಪ್ರೀತಿಯ ಕಾಣಿಕೆ' ಎಂದು ಉದ್ದಕ್ಕೆ ಬರೆಸುತ್ತಿದ್ದರು. ಕರೋನಾದ ನಂತರ ಮೊದಲು ಹೋದದ್ದು ಪ್ರೀತಿ. ಆಮೇಲೆ ತಾರೀಖು ಹೋಯಿತು, ತಾಲೂಕು ಹೋಯಿತು. ಹಂಡೆ ಕೊಡುತ್ತಿದ್ದ ಮಾವಂದಿರು ಡಬ್ಬಿಗೆ ಇಳಿದರು, ಡಬ್ಬಿ ಕೊಡುತ್ತಿದ್ದವರು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಂಡರು. ಗಡಿಯಾರದ ಮೇಲೆ ಕೊರೆಯಲಿಕ್ಕಾಗುವುದಿಲ್ಲ. ಒಬ್ಬ ಗಿರಾಕಿ ಬರೀ ಎರಡಕ್ಷರ ಹಾಕಿಸಿದ. ಇನ್ನೊಬ್ಬ ಹಳೆಯ ಕೊಡ ತಂದು, ಮೊದಲಿದ್ದ ಹೆಸರು ಉಜ್ಜಿ ತನ್ನ ಹೆಸರು ಹಾಕಲು ಹೇಳಿದ. ನಾನು ಹಾಕಿಕೊಟ್ಟೆ, ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ಅಂಗಡಿಯ ಸಾವ್ಕಾರರು ಒಳ್ಳೆಯವರೇ. ಒಂದು ಮುಂಜಾನೆ ಚಹಾ ತರಿಸಿ, ನನ್ನ ಮುಖ ನೋಡದೆ ಹೇಳಿದರು. "ದಿನಾ ಬರೂದ ಬ್ಯಾಡೋ. ಹೆಸರ ಹಾಕ್ಸೋರು ಬಂದ್ರ ಫೋನ್ ಮಾಡಿ ಕರಸ್ತೇನಿ."

ನಾನು "ಹೂಂ ರಿ" ಎಂದೆ. ಫೋನು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಚಹಾ ಪೂರ್ತಿ ಕುಡಿದೇ ಎದ್ದೆ, ಬಿಟ್ಟು ಎದ್ದರೆ ಸಿಟ್ಟಾದ ಹಾಗೆ ಕಾಣುತ್ತದೆ ಎಂದು.

ಅದೇ ತಿಂಗಳು ಮಗಳಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳೇ ಅವಳೊಬ್ಬಳು. ಹಾಸ್ಟೆಲಿನ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅಲ್ಲೊಂದು ಒಲೆ ಇಲ್ಲೊಂದು ಒಲೆ ಹಚ್ಚುವ ತಾಕತ್ತು ನಮಗಿರಲಿಲ್ಲ. ಮೂರನೇ ದಿನ ಅವಳು ನನ್ನ ಹತ್ತಿರ ಬಂದು ಕೂತಳು.

"ಅಪ್ಪಾ, ನಾ ಹೋಗೂದಿಲ್ಲ. ಇಲ್ಲೇ ಯಾವುದರ ಅಂಗಡ್ಯಾಗ ಕೆಲಸಾ ಮಾಡ್ತೇನಿ."

"ಯಾವ ಅಂಗಡ್ಯಾಗ? ನನ್ನ ಹೊರಗ ಹಾಕಿದ ಅಂಗಡ್ಯಾಗೇನ?" ಎಂದು ಗದರಿಸಿಬಿಟ್ಟೆ. ಅವಳು ಅತ್ತಳು. ನನಗೆ ಅಳುವುದಕ್ಕೂ ನಾಚಿಕೆ, ಹಾಗಾಗಿ ಹೊರಗೆ ಹೋಗಿ ಸೈಕಲ್ ಒರೆಸಿದೆ.

ಹೆಂಡತಿಯ ಅಣ್ಣ ಧಾರವಾಡದಲ್ಲಿದ್ದಾನೆ. ಅವನು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ತಂಗಿಯನ್ನು ಮಾತಾಡಿಟ್ಟ, ನನ್ನನ್ನು ಒಂದು ಲಾಡ್ಜಿನ ಕಾವಲಿಗೆ. ಮೂವರಿಗೂ ಸೇರಿ ಒಂದು ಖೋಲಿ, ನಾಲ್ಕು ಮನೆಗೆ ಒಂದೇ ನಳ. ನಾನು ಇದನ್ನೆಲ್ಲ ಹೇಳುವಾಗ ಹೆಂಡತಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಎರಡ ವರ್ಷಾನ?"

"ಎರಡ ವರ್ಷ."

"ಆಮ್ಯಾಲೆ ತಿರುಗಿ ಬರ್ತೇವಲ್ರಿ? ಖರೇ ಹೇಳ್ರಿ. ಬರೂದಿಲ್ಲಂದ್ರ ನಾ ಇಲ್ಲಿಂದ ಏಳಾಕಿ ಅಲ್ಲ."

"ಬರ್ತೇವಿ" ಎಂದೆ. ಆ ಹೊತ್ತಿಗೆ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಇದೇ ಓಣಿಯಲ್ಲಿದ್ದಾಳೆ. ಇಲ್ಲಿಯ ಹೆಂಗಸರ ಜೊತೆ ಜಗಳಾಡಿದ್ದಾಳೆ, ಅವರ ಬಾಣಂತನ ಮಾಡಿದ್ದಾಳೆ. ಬೇರೆ ಊರಿನಲ್ಲಿ ಅವಳಿಗೆ ಇನ್ನೊಂದು ಜನ್ಮಕ್ಕಾಗುವಷ್ಟು ಶಕ್ತಿ ಉಳಿದಿಲ್ಲ ಎಂದು ನನಗೆ ಗೊತ್ತಿತ್ತು.

ಸಾಮಾನು ಕಟ್ಟಲು ಶುರು ಮಾಡಿದೆವು. ನಮ್ಮ ಮನೆಯಲ್ಲಿ ಬಟ್ಟೆಗಿಂತ ಪಾತ್ರೆ ಜಾಸ್ತಿ. ಅಂಗಡಿಯಲ್ಲಿ ಸೊಟ್ಟಾದದ್ದು, ಗಿರಾಕಿ ಬೇಡವೆಂದು ಬಿಟ್ಟುಹೋದದ್ದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ನಾವು ಊಟ ಮಾಡುತ್ತಿದ್ದದ್ದು ಯಾರ್ಯಾರದೋ ಹೆಸರಿನ ತಾಟಿನಲ್ಲಿ. ಮುರಿದ ಲಗ್ನದ ಒಂದು ಬೋಗುಣಿ ಇತ್ತು, ಅದರಲ್ಲಿ ಹುಡುಗ ಹುಡುಗಿ ಇಬ್ಬರ ಹೆಸರೂ ಇನ್ನೂ ಜೊತೆಗಿದ್ದವು. ನಾನು ಒಂದೊಂದನ್ನೇ ಎತ್ತಿ ಓದುತ್ತಿದ್ದೆ, ಹೆಂಡತಿ "ಮೋಡಕಾ", "ಇರಲಿ", "ಮೋಡಕಾ" ಎನ್ನುತ್ತಿದ್ದಳು. ಮೋಡಕಾ ಎಂದರೆ ಗುಜರಿಗೆ. ಖೋಲಿಯಲ್ಲಿ ಹಿಡಿಸುವಷ್ಟು ಮಾತ್ರ ಒಯ್ಯಬೇಕಿತ್ತು. ಗುಜರಿಯವನು ಬಂದು ಚೀಲ ತುಂಬಿಕೊಂಡು ಹೋದ. ಅಪ್ಪನ ಆ ತಾಟನ್ನು ಮಾತ್ರ ನಾನು ಅವಳನ್ನು ಕೇಳದೆ ಒಯ್ಯುವ ಗಂಟಿಗೆ ಹಾಕಿದೆ.

ಕೊನೆಗೆ ಹೆಂಡತಿಯ ತವರಿನ ತಾಮ್ರದ ಹಂಡೆಯ ಸರದಿ ಬಂತು. ಬಸವನ ಬಾಗೇವಾಡಿಯಿಂದ ಅವಳ ಜೊತೆ ಬಂದದ್ದು ಅದು. ಅವಳೇ ಅದನ್ನು ಸೊಂಟಕ್ಕೆ ಆನಿಸಿಕೊಂಡು ಪಕ್ಕದ ಮನೆಗೆ ಒಯ್ದಳು. "ಅಕ್ಕಾರ, ಇದನ್ನ ಅಟ್ಟದ ಮ್ಯಾಲ ಇಡ್ರಿ. ಬಳಸಬ್ಯಾಡ್ರಿ. ಎರಡ ವರ್ಷಕ್ಕ ಬಂದು ಒಯ್ತೇನಿ" ಎಂದದ್ದು ನನಗೆ ಕೇಳಿಸಿತು. ಪಕ್ಕದ ಮನೆಯಾಕೆ "ಆತು ಬಿಡ್ವಾ" ಎಂದರು.

ಹೊರಡುವ ಹಿಂದಿನ ದಿನ ಸಾವ್ಕಾರರು ಕರೆಸಿ, ಆ ಮಶೀನನ್ನು ನನಗೇ ಕೊಟ್ಟರು. ಇಲ್ಲಿ ಇನ್ನು ಅದನ್ನು ಹಿಡಿಯುವವರಿಲ್ಲ ಎಂದರು. ಮಧ್ಯಾಹ್ನ ಮನೆಗೆ ತಂದೆ. ಬೋಳು ಗೋಡೆ, ಕಟ್ಟಿಟ್ಟ ಗಂಟುಗಳ ನಡುವೆ ಮಗಳು ಒಂದು ಹೊಸ ತಂಬಿಗೆ ಹಿಡಿದುಕೊಂಡು ಕೂತಿದ್ದಳು.

"ಅಪ್ಪಾ, ಅಲ್ಲಿ ನಾಕ ಮನಿಗೆ ಒಂದ ನಳ ಐತಂತ. ತಂಬಗಿ ಅದಲಬದಲ ಆಗ್ತಾವ. ಪೂರ್ತಿ ಹೆಸರ ಹಾಕಿಕೊಡು."

ಖುಷಿಯಾಯಿತು. ಎಷ್ಟೋ ದಿನಗಳ ಮೇಲೆ ಒಬ್ಬರು ಪೂರ್ತಿ ಹೆಸರು ಕೇಳಿದ್ದರು. ಗೋಡೆಯ ಪ್ಲಗ್ಗಿಗೆ ವಾಯರು ಚುಚ್ಚಿ, ತಂಬಿಗೆಯನ್ನು ತೊಡೆಗಳ ನಡುವೆ ಒತ್ತಿಕೊಂಡು, ಅವಳ ಹೆಸರನ್ನು ದುಂಡಗೆ ಕೊರೆದೆ. ಜಾಗ ಬಿಟ್ಟು ಅಡ್ಡಹೆಸರಿನ ಮೂರಕ್ಷರ ಹಾಕಿದೆ. ಧೂಳು ಊದಿ ಅವಳ ಕೈಗೆ ಕೊಟ್ಟೆ.

ಅವಳು ಓದಿ, ನನ್ನ ಮುಖ ನೋಡಿದಳು. "ಅಪ್ಪಾ, ಸಿಂದಗಿ ಅಂತ ಹಾಕಿಯಲ್ಲ. ನಮ್ದು ಯಂಕಂಚಿ."

ನಾನು ತಂಬಿಗೆ ಕಸಿದುಕೊಂಡು ನೋಡಿದೆ. ನನ್ನದೇ ಕೈ, ನನ್ನದೇ ದುಂಡಗಿನ ಅಕ್ಷರ. ಅವಳ ಹೆಸರಿನ ಮುಂದೆ ಸಿಂದಗಿ. ಊರು ಬಿಟ್ಟವರಿಗೆ ಹಾಕುವ ಹಾಗೆಯೇ ಹಾಕಿದ್ದೆ. ಸಾವಿರಾರು ಮಂದಿಗೆ ಹಾಗೆ ಹಾಕಿದ ಕೈ ಅದು, ಅದಕ್ಕೆ ನನಗಿಂತ ಮೊದಲೇ ಗೊತ್ತಾಗಿತ್ತು.

"ಹೂವು ಮಾಡಿಬಿಡು" ಎಂದಳು ಮಗಳು. ಅಕ್ಷರ ತಪ್ಪಿದಾಗ ಅದರ ಮೇಲೆ ಹೂವಿನ ಚಿತ್ರ ಬಿಡಿಸಿ ಮುಚ್ಚುವುದು ನಮ್ಮ ಕಸುಬಿನ ಉಪಾಯ. ಒಂದಕ್ಷರವಾದರೆ ಒಂದು ಹೂವು. ಇಲ್ಲಿ ಮೂರು ಬೇಕಿತ್ತು. ಮಶೀನು ಹಿಡಿದೆ, ಆದರೆ ಸ್ವಿಚ್ಚು ಹಾಕಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ತಂಬಿಗೆ ಎತ್ತಿಕೊಂಡಳು. ಅವಳಿಗೆ ಓದಲು ತಡವಾಗುತ್ತದೆ, ಹೆಬ್ಬೆರಳಿನಿಂದ ಸವರುತ್ತ ಅಕ್ಷರ ಕೂಡಿಸುತ್ತಾಳೆ. ಸಿಂ. ದ. ಗಿ. ಓದಿ ಮುಗಿಸಿ ನನ್ನನ್ನು ನೋಡಿದಳು. ನಾನು ತಪ್ಪಿ ಹಾಕಿದೆ ಎಂದು ಹೇಳಬೇಕಿತ್ತು. ಎರಡು ವರ್ಷ, ಖರೇ ಅಂದರೂ ಎರಡೇ ವರ್ಷ ಎನ್ನಬೇಕಿತ್ತು.

"ಇರಲಿ ಬಿಡ್ರಿ. ಹೂವು ಬ್ಯಾಡ" ಎಂದಳು.

ತಂಬಿಗೆಯನ್ನು ಗಂಟಿನಲ್ಲಿ ಅಪ್ಪನ ತಾಟಿನ ಪಕ್ಕ ಇಟ್ಟಳು. ಆ ತಾಟು ಅಲ್ಲಿರುವುದು ಅವಳಿಗೆ ಮೊದಲೇ ಗೊತ್ತಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ಹೋದಳು. ನಡುವೆ ಇರುವುದು ಒಂದೇ ಗೋಡೆ, ಎಲ್ಲ ಕೇಳಿಸುತ್ತದೆ.

"ಅಕ್ಕಾರ, ಆ ಹಂಡೆ ಅಟ್ಟದಿಂದ ಇಳಸ್ರಿ. ಸುಮ್ನ ಯಾಕ ಇಡೂದು, ನೀವ ನೀರ ಕಾಸಾಕ ಬಳಸ್ರಿ."