ಕಲ್ಲಿಕೋಟೆಯಲ್ಲಿ ಆಫ್ ಮಾಡಬಾರದು

ಕಲ್ಲಿಕೋಟೆಯ ಆಫೀಸಿಗೆ ಸೇರಿದ ದಿನ, ನಾನು ನೋಡಿಕೊಳ್ಳಬೇಕಾದ ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದೆ. ಯಜಮಾನರು ಕಿಟಕಿಯಾಚೆ ಕೈ ತೋರಿಸಿದರು. ಅಲ್ಲಿ ಒಂದು ತೆಂಗಿನ ಮರ, ಅದರ ಮೇಲೆ ಮಳೆಮೋಡ. ನಾನು ಮರವನ್ನೇ ಹುಡುಕಿದೆ. ಅವರು ತೋರಿಸಿದ್ದು ಮೋಡವನ್ನಂತೆ. ಯಾವುದೋ ದೇಶದಲ್ಲಿರುವ ಕಂಪ್ಯೂಟರನ್ನು ಇಂಟರ್ನೆಟ್ಟಿನಲ್ಲೇ ಬಾಡಿಗೆಗೆ ಹಿಡಿಯುವುದಕ್ಕೆ ಕ್ಲೌಡ್ ಎಂಬ ಹೆಸರು ಬಂದು ಆಗಿನ್ನೂ ಎರಡು ಮೂರು ವರ್ಷ. ನಮ್ಮ ಗುಂಡ್ಲುಪೇಟೆಗೆ ಆ ಮೋಡ ಇನ್ನೂ ಕವಿದಿರಲಿಲ್ಲ.

ಯಜಮಾನರನ್ನು ಎಲ್ಲರೂ ವಿನೋದೇಟ್ಟನ್ ಅನ್ನುತ್ತಾರೆ, ಏಟ್ಟನ್ ಎಂದರೆ ಅಣ್ಣ. ಮನೆ ಬಾಡಿಗೆಗೆ ಕೊಟ್ಟ ಲೀಲಾ ಚೇಚಿ, ಅಂದರೆ ಲೀಲಕ್ಕ, ಬೆಳಿಗ್ಗೆ ಪುಟ್ಟು ಕೊಡುತ್ತಾರೆ: ಅಕ್ಕಿಹಿಟ್ಟು, ಕಾಯಿತುರಿಯನ್ನು ಕೊಳವೆಗೆ ತುಂಬಿ ಬೇಯಿಸಿದ್ದು. ಮುದ್ದೆ ನುಂಗಿ ಬೆಳೆದ ನಾನು ಅದನ್ನೂ ನುಂಗಲು ಹೋಗಿ ಕೆಮ್ಮಿದೆ. ತಿಂಗಳೊಳಗೆ ಚೇಚಿ ಮೀನಿನವನನ್ನು ಕೂಗುವುದನ್ನು ಎಷ್ಟು ಚೆನ್ನಾಗಿ ಅಣಕಿಸಿದೆನೆಂದರೆ, ಮೀನಿನವನು ಸೈಕಲ್ ನಿಲ್ಲಿಸಿಯೇಬಿಟ್ಟ. ಆದರೆ ನಮ್ಮೂರು ತೆರಕಣಾಂಬಿಯ ಬಸ್ಸಿನ ಕಂಡಕ್ಟರನ್ನು ಅಣಕಿಸಿದರೆ ಇಲ್ಲಿ ಯಾರೂ ನಗುವುದಿಲ್ಲ. ಅಸಲಿಯನ್ನು ನೋಡಿದವರೇ ಇಲ್ಲ. ನನ್ನ ಒಂಟಿತನ ಇಷ್ಟೇ ಕಣ್ರೀ.

ಕೆಲಸ ಖಾಯಂ ಆಗಲು ಒಂದು ಪರೀಕ್ಷೆಯಿತ್ತು. ನಮ್ಮ ಸೀಮೆಯಲ್ಲಿ ಯಾರು ಯಾವ ತರಕಾರಿ ಬೆಳೆದಿದ್ದಾರೆ ಎಂದು ಕೇರಳದ ವರ್ತಕರಿಗೆ ತಿಳಿಸುವ ವೆಬ್‌ಸೈಟ್ ಮಾಡಬೇಕು. ಅದನ್ನು ಎರಡು ಕ್ಲೌಡ್‌ಗಳಲ್ಲಿ ಯಾವುದರಲ್ಲಿ ಇಡಬೇಕೆಂದು ನಾನು ಹೋಲಿಸಿ ಬರೆದುಕೊಡಬೇಕು. ಒಂದು ಖಾಲಿ ಮನೆಯಂಥದ್ದು. ಒಲೆ, ಪಾತ್ರೆ, ಬೀಗ ಎಲ್ಲ ನಾವೇ ತರಬೇಕು, ಆದರೆ ಏನು ಬೇಕಾದರೂ ಬೇಯಿಸಬಹುದು. ಇನ್ನೊಂದು ಮೆಸ್ಸಿನಂಥದ್ದು. ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ಬಡಿಸಿದ್ದನ್ನು ಉಣ್ಣಬೇಕು. ನಾನು ಮೊದಲು ಖಾಲಿ ಮನೆ ಹೊಕ್ಕೆ. ತೆರಕಣಾಂಬಿ ಸಂತೆಯಲ್ಲಿ ತರಕಾರಿ ಲೋಡ್ ಮಾಡಿಸುವ ಮಾದಪ್ಪ ಮಾವನ ಪುಸ್ತಕದಿಂದ ಹರವೆ, ಕುದೇರು ಕಡೆಯ ಬೆಳೆಗಾರರ ಹೆಸರು, ಫೋನ್ ನಂಬರುಗಳನ್ನು ಮಾವ ಫೋನಿನಲ್ಲಿ ಓದಿ ಹೇಳಿದಂತೆ ಮೂರು ವಾರ ಕೂತು ತುಂಬಿದೆ.

ತುಂಬಿ ಮುಗಿದ ಸಂಜೆ, ಮನೆಗೆ ಹೊರಡುವ ಮುಂಚೆ, ಆ ಬಾಡಿಗೆ ಕಂಪ್ಯೂಟರನ್ನು ನೀಟಾಗಿ ಶಟ್‌ಡೌನ್ ಮಾಡಿದೆ.

ನಾನು ಕಂಪ್ಯೂಟರ್ ಕಲಿತದ್ದು ಗುಂಡ್ಲುಪೇಟೆಯ ಟ್ರೈನಿಂಗ್ ಸೆಂಟರಿನಲ್ಲಿ. ಕರೆಂಟ್ ಹೋಗಿ ಯುಪಿಎಸ್ ಕುಯ್ಗುಟ್ಟಿತೆಂದರೆ ಎಲ್ಲರೂ ಶಟ್‌ಡೌನ್ ಮಾಡಲೇಬೇಕು. ಮಾಡದವನಿಗೆ ಮೇಷ್ಟ್ರಿಂದ ಮಂಗಳಾರತಿ. ಆ ಯುಪಿಎಸ್ಸನ್ನು ಬಾಯಲ್ಲೇ ಕುಯ್ಗುಟ್ಟಿಸಿ ಇಡೀ ಕ್ಲಾಸನ್ನು ಎಷ್ಟೋ ಸಲ ಮನೆಗೆ ಕಳಿಸಿದ್ದೆ. ಆ ಶಟ್‌ಡೌನ್ ಅಭ್ಯಾಸ ಈಗ ನನ್ನನ್ನೇ ಮನೆಗೆ ಕಳಿಸುವಂತಿತ್ತು. ಖಾಲಿ ಮನೆ ಕ್ಲೌಡಿನಲ್ಲಿ ಆಫ್ ಮಾಡುವುದೆಂದರೆ ಮನೆ ಬಿಡುವುದು. ಒಳಗಿದ್ದ ಸಾಮಾನೂ ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಒಂದು ಹೆಸರೂ ಇರಲಿಲ್ಲ.

ಮಾವನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ನೀನೇ ಆಫ್ ಮಾಡ್ಬುಟ್ಟ್ಯಾ?" ಅಂದ. ನಾನು ಹೂಂ ಅಂದೆ. "ನನ್ ಪುಸ್ತಕ ಮಳೇಲಿ ನೆಂದೋದ್ರೆ ಬಿಸ್ಲಲ್ ಒಣ್ಗಾಕ್ತೀನಿ ಕಣ್ಲಾ. ನಿಂದ್ ಎಲ್ ಒಣ್ಗಾಕಿಯೆ?"

ಬೈಯುತ್ತಲೇ ಮೊದಲ ಪುಟದಿಂದ ಓದತೊಡಗಿದ. ಒಬ್ಬೊಬ್ಬರ ಹೆಸರನ್ನೂ ಅವರವರ ದನಿಯಲ್ಲೇ ನಾನು ಮರುನುಡಿದರೆ ಮಾವನ ಬೈಗುಳ ನಗುವಾಗುತ್ತಿತ್ತು. ಈ ಸಲ ಮೆಸ್ಸಿನಂಥ ಕ್ಲೌಡಿಗೆ ತುಂಬಿದೆ. ಅಲ್ಲಿ ಆಫ್ ಮಾಡಲು ಕಂಪ್ಯೂಟರೇ ಕಣ್ಣಿಗೆ ಬೀಳುವುದಿಲ್ಲ.

ವರದಿಯಲ್ಲಿ ತಪ್ಪನ್ನು ಮುಚ್ಚಿಡಬಹುದಿತ್ತು. ಆದರೆ ನಾನೇ ಆಫ್ ಮಾಡಿ ಎಲ್ಲ ಹೆಸರು ಕಳೆದೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಮುಂದೆ: ಖಾಲಿ ಮನೆಯಲ್ಲಿ ಸ್ವಾತಂತ್ರ್ಯ ಹೆಚ್ಚು, ಆದರೆ ನನ್ನಂಥವನು ಕೈಯಾಡಿಸುವ ಆಫೀಸಿಗೆ ಮೆಸ್ಸೇ ಕ್ಷೇಮ, ಯಾವುದೇ ಆದರೂ ಹೆಸರುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ವಿನೋದೇಟ್ಟನ್ ಎರಡು ಸಲ ಓದಿದರು. ಗಿರಾಕಿಗಳು ಬಂದ ಮೇಲೆ ಗೊತ್ತಾಗಬೇಕಿದ್ದದ್ದು ಈಗಲೇ ಗೊತ್ತಾಯಿತಲ್ಲ ಎಂದು ಮಲಯಾಳದಲ್ಲಿ ಹೇಳಿ, ಖಾಯಂ ಪತ್ರಕ್ಕೆ ಸಹಿ ಹಾಕಿದರು. ಅವರು ಸಹಿ ಹಾಕುವಾಗ ನಾಲಿಗೆ ಕಚ್ಚುವುದನ್ನು ಆಗಲೇ ಕಲಿತುಬಿಟ್ಟೆ.

ಹಬ್ಬಕ್ಕೆ ಊರಿಗೆ ಹೋದಾಗ ಮಾವನ ಹತ್ತಿರ ಎರಡು ಪುಸ್ತಕಗಳಿದ್ದವು. "ಒಂದು ಸಂತೇಲಿರ್ಲಿ, ಒಂದು ಮನೇಲಿರ್ಲಿ" ಅಂದ. ನಂಬರ್ ಬದಲಾಯಿಸಿದವರ ಹಳೆಯದನ್ನು ಅವನು ಗೆರೆ ಎಳೆದು ಹೊಡೆದುಹಾಕುತ್ತಾನೆ. ಪುಟ ತಿರುವಿದಾಗ ನನ್ನ ಹೆಸರೂ ಸಿಕ್ಕಿತು. ಮುಂದೆ ತೆರಕಣಾಂಬಿ ಮನೆಯ ನಂಬರು, ಕೆಳಗೆ ಕಲ್ಲಿಕೋಟೆಯದು. ಹಳೆಯದನ್ನು ಯಾಕೆ ಹೊಡೆದಿಲ್ಲ ಎಂದು ಕೇಳಿದೆ.

"ನೀನೆಲ್ ಸಿಗ್ತೀಯೋ ನಂಗೇನ್ ಗೊತ್ತ್ಲಾ" ಅಂದ ಮಾವ.

ಅವನನ್ನು ಅಣಕಿಸಲು ಬಾಯಿ ತೆರೆದೆ. ಯಾವ ಊರಿನ ದನಿಯೂ ಹೊರಡಲಿಲ್ಲ.