ಅಂಚು ಸವೆದ ಎರಡು ಪದಕಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂದರಿನ ಗೋಡೆಗೆ ಆತುಕೊಂಡ ಗಲ್ಲಿಯ ಒಂಟಿ ಕೋಣೆಯಲ್ಲಿ ರಿಬ್ಬನ್ ಅಕ್ಕ ಕಿಟಕಿಯ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡು ಕೂತಿದ್ದಾರೆ. ದಾರವನ್ನು ಮೇಣದ ತುಂಡಿನ ಮೇಲೆ ಎಳೆದು ಸೂಜಿಗೆ ಪೋಣಿಸುತ್ತಾರೆ. ಯಾರದೋ ನಾಲ್ಕು ಪದಕಗಳನ್ನು ದಪ್ಪ ಬಟ್ಟೆಯ ಪಟ್ಟಿಯ ಮೇಲೆ ಸಾಲಾಗಿಟ್ಟು ಹೊಲಿಯತೊಡಗುತ್ತಾರೆ. ಒಂದರ ಅಂಚು ಇನ್ನೊಂದರ ಮೇಲೆ ಚೂರೇ ಚೂರು ಏರಿ ಕೂರಬೇಕು. ತೊಟ್ಟವರು ನಡೆಯುವಾಗ ಅಲ್ಲಾಡಬಾರದು.

"ಎದೆ ಮೇಲೆ ಪದಕ ಕಿಣಿಕಿಣಿ ಅಂದ್ರೆ ನನ್ನ ಮರ್ಯಾದೆ ಹೋದ ಹಾಗೆ," ಎನ್ನುತ್ತಾರೆ ಅವರ ಬಗ್ಗೆ ಬರೆಯಲು ಬಂದಿರುವ ನನಗೆ, ತುಟಿಯಲ್ಲಿ ಕಚ್ಚಿದ ಗುಂಡುಸೂಜಿ ತೆಗೆಯದೆಯೇ.

ಯುದ್ಧದಲ್ಲಿ ಮುಳುಗಿದ ಹಡಗುಗಳ ನೆನಪಿಗೆ ಈ ಊರಿನವರು ವರ್ಷಕ್ಕೊಮ್ಮೆ ಬಂದರಿನ ತನಕ ನಡೆದು ಹೋಗುತ್ತಾರೆ. ಬದುಕಿ ಬಂದವರು ತಮ್ಮ ಪದಕವನ್ನು ಎದೆಯ ಎಡಕ್ಕೆ ಹಾಕಿಕೊಳ್ಳುತ್ತಾರೆ. ಬಾರದವರ ಪದಕ ಮನೆಯವರ ಎದೆಯ ಬಲಕ್ಕೆ. ಈ ಭಾನುವಾರ ಆ ನಡಿಗೆ. ಉಳಿದ ದಿನಗಳಲ್ಲಿ ನಾಲ್ಕೈದು ಜನ ಬಂದರೆ ಹೆಚ್ಚು ಎನ್ನುವ ಕೋಣೆಗೆ ಈ ವಾರ ದಿನಕ್ಕೆ ಇಪ್ಪತ್ತು ಮಂದಿ ಬರುತ್ತಿದ್ದಾರೆ. ರಿಬ್ಬನ್ ಬಣ್ಣಗೆಟ್ಟಿದೆ, ಪಿನ್ನು ಮುರಿದಿದೆ, ಅಪ್ಪನ ಪದಕದ ಕೊಂಡಿ ಸಡಿಲ. ಎಲ್ಲಕ್ಕೂ ಈ ಅರವತ್ತು ದಾಟಿದ ಕೈಗಳೇ ಗತಿ.

ಬಾಗಿಲು ತೆರೆಯುತ್ತಿದ್ದಂತೆ ಅಜ್ಜಿಯೊಬ್ಬರು ಗಂಡನ ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ತರುತ್ತಾರೆ.

"ನಿನ್ನೆಯೆಲ್ಲ ಕೂತು ತಿಕ್ಕಿದೀನಿ. ಹೇಗೆ ಹೊಳೀತಿದೆ ನೋಡು."

ಅಕ್ಕ ಅದನ್ನು ಓರೆ ಮಾಡಿ ಅಂಚಿನ ಮೇಲೆ ಬೆರಳಾಡಿಸುತ್ತಾರೆ. "ಹೊಳೆದಿದ್ದು ಸಾಕು ಅಜ್ಜಿ. ಇಲ್ಲಿ ನಿಮ್ಮ ಯಜಮಾನ್ರ ಹೆಸರು ಕೊರೆದಿದೆ. ಹೀಗೇ ಉಜ್ಜುತ್ತಾ ಇದ್ರೆ ಹೆಸರು ಹೊರಟುಹೋಗುತ್ತೆ. ಆಮೇಲೆ ಇದು ಯಾರದ್ದು ಅಂತ ಹೇಳೋಕೆ ಯಾರಿಂದ್ಲೂ ಆಗಲ್ಲ."

"ಉಜ್ಜದೆ ಇನ್ನೇನು ಮಾಡ್ಲಿ? ಮಾತಾಡಿಸೋಕಾಗುತ್ತಾ?"

"ಇದ್ದಾಗ ಮಾತಾಡಿಸಿದ್ರಾ?"

"ಎಲ್ಲಿ! ಬಂದ್ರೆ ಊಟ, ಇಲ್ಲಾಂದ್ರೆ ಹಡಗು." ಇಬ್ಬರೂ ನಗುತ್ತಾರೆ.

ಉಜ್ಜಬೇಡಿ ಎಂದು ಊರಿಗೆಲ್ಲ ಹೇಳುವ ಮಾತನ್ನು ಅಕ್ಕನಿಂದ ತಮ್ಮ ಮನೆಯಲ್ಲಿ ಮಾತ್ರ ಹೇಳಲಾಗಲಿಲ್ಲ.

ಇವರು ಮದುವೆಯಾಗಿ ಸೇರಿದ ಮನೆ ಕಡಲಿನದು. ಮಾವ ನೌಕಾಪಡೆಯ ಹಡಗಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಗಂಡುಮಕ್ಕಳಿಬ್ಬರೂ ಅದೇ ಪಡೆಗೆ ಸೇರಿದರು. ಯುದ್ಧ ಬಂದಾಗ ಅಣ್ಣ, ಅಂದರೆ ಅಕ್ಕನ ಗಂಡ, ಒಂದು ಹಡಗಿನಲ್ಲಿ, ತಮ್ಮ ಇನ್ನೊಂದರಲ್ಲಿ. ತಮ್ಮ ಬಂದ. ಅಣ್ಣನ ಹಡಗು ಬರಲಿಲ್ಲ. ಆಗ ಅಕ್ಕನಿಗೆ ಇಪ್ಪತ್ನಾಲ್ಕು, ಮದುವೆಯಾಗಿ ಎರಡು ವರ್ಷ.

ಅತ್ತೆ ಬಂದರಿನ ಹೊಲಿಗೆ ಮನೆಯಲ್ಲಿ ಹಡಗಿನ ಬಾವುಟ ಹೊಲಿಯುತ್ತಿದ್ದವರು. "ತಿಂಗಳಾದ ಮೇಲೆ ಒಂದು ದಿನ ಅತ್ತೆ ಬಂದು ನನ್ನ ಮಡಿಲಿಗೆ ಸೂಜಿ, ದಾರ ಹಾಕಿದ್ರು," ಎಂದು ಅಕ್ಕ ನೆನೆಯುತ್ತಾರೆ. "'ಅಳು ಬಂದ್ರೆ ಅಳು, ಕೈ ಮಾತ್ರ ನಿಲ್ಲಿಸಬೇಡ' ಅಂದ್ರು. ನಾನು ಹೊಲಿದ ಮೊದಲ ಗೆರೆ ಹಾವು ಹರಿದ ಹಾಗಿತ್ತು. ಅತ್ತೆ ಬಿಚ್ಚಿ, ಒಂದು ಮಾತೂ ಆಡದೆ ವಾಪಸ್ ಕೊಟ್ರು. ಇವತ್ತು ನಾನು ಯಾರ ಮುಂದೂ ಕೈ ಚಾಚದೆ ಇದೀನಿ ಅಂದ್ರೆ ಆ ಬಿಚ್ಚಿದ ಹೊಲಿಗೆಯಿಂದ."

ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಬಗೆಯ ಪದಕ ಬಂತು. ಅತ್ತೆ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರು. ವಾರಕ್ಕೊಮ್ಮೆ ಪಾಲಿಶ್ ಹಚ್ಚಿ, ಹಳೇ ಬಾವುಟದ ಚೂರಿನಿಂದ ಮುಖ, ಬೆನ್ನು, ಅಂಚು ಎಲ್ಲ ತಿಕ್ಕುತ್ತಿದ್ದರು. ವರ್ಷಗಳು ಕಳೆದಂತೆ ಎರಡೂ ಪದಕಗಳ ಅಂಚು ನುಣ್ಣಗಾಯಿತು. ಇಬ್ಬರ ಹೆಸರೂ ಹೋಯಿತು.

ತಡೆಯಬಹುದಿತ್ತಲ್ಲ ಎಂದರೆ ಅಕ್ಕ ದಾರಕ್ಕೆ ಗಂಟು ಹಾಕಿ ಕತ್ತರಿಸುತ್ತಾರೆ. "ಹೆಸರು ಹೋಗ್ತಾ ಇರೋದು ಕಾಣ್ತಿತ್ತು. ಆ ಕೆಲಸದಲ್ಲೇ ಅತ್ತೆಯ ಜೀವ ನಿಂತಿರೋದೂ ಕಾಣ್ತಿತ್ತು. ಯಾವುದನ್ನ ಉಳಿಸ್ಕೊಳ್ಲಿ?"

ಅದಕ್ಕೆ ಬೆಲೆ ತೆತ್ತದ್ದು ಅಕ್ಕನೇ. ಊರಿನವರ ಎದೆಗೆಲ್ಲ ಪದಕ ಕಟ್ಟಿಕೊಟ್ಟವರು ಒಮ್ಮೆಯೂ ಆ ನಡಿಗೆಗೆ ಹೋಗಿಲ್ಲ. ಕೋಣೆಯ ಕಿಟಕಿಯಿಂದಲೇ ನೋಡಿದ್ದಾರೆ. "ಗಿರಾಕಿಗಳ ಪದಕ ಅದಲುಬದಲಾದ್ರೆ ನಂಗೆ ನಿದ್ದೆ ಬರಲ್ಲ. ನಮ್ಮನೆಯವರದ್ದು ಅಂತ ಗೊತ್ತಿಲ್ಲದ್ದನ್ನ ಇವರದ್ದು ಅಂತ ಹೇಗೆ ಹಾಕ್ಕೊಳ್ಲಿ?" ಆದರೆ ಅತ್ತೆಗೀಗ ಎಂಬತ್ತೆಂಟು. ಈ ಸಲ ಅವರು ಹಟ ಹಿಡಿದಿದ್ದಾರೆ: ನಾನಿರುವಾಗಲೇ ನೀನೊಮ್ಮೆ ನಡೆಯಬೇಕು.

ಮಧ್ಯಾಹ್ನ ಕೋಣೆಯ ಹಿಂದಿನ ಮನೆಯಲ್ಲಿ ಅದೇ ಮಾತು ಮತ್ತೆ ಏಳುತ್ತದೆ. ಬಂದರಿನ ದೋಣಿ ನಡೆಸಿ ನಿವೃತ್ತನಾದ ಮೈದುನ ಊಟಕ್ಕೆ ಬಂದಿದ್ದಾನೆ. ಅತ್ತೆಯ ಮಡಿಲಲ್ಲಿ ಡಬ್ಬಿ.

"ಅಷ್ಟು ಉಜ್ಜಿದ್ರಲ್ಲ ಅತ್ತೆ, ಯಾವುದು ಯಾರದ್ದು ಅಂತ ಒಂದು ಗುರುತಾದ್ರೂ ಇಟ್ಕೋಬಾರದಿತ್ತಾ?" ಅಕ್ಕನ ದನಿಯಲ್ಲಿ ಸಿಟ್ಟಿಲ್ಲ, ದಣಿವಿದೆ.

"ಬೇಕು ಅಂತಲೇ ಇಡಲಿಲ್ಲ," ಎನ್ನುತ್ತಾರೆ ಅತ್ತೆ. "ಗುರುತಿದ್ರೆ ಹೋದವನದ್ದನ್ನೇ ಎರಡು ಸಲ ಹೆಚ್ಚಿಗೆ ಉಜ್ಜುತ್ತಿದ್ದೆ. ಬಂದವನು ನೋಡ್ತಿರ್ತಾನಲ್ಲ. ಯಾಕಾದ್ರೂ ಬಂದೆ ಅಂತ ಅವನಿಗೆ ಅನ್ನಿಸಬಾರದು ನೋಡು."

ಮೈದುನ ಅನ್ನದಲ್ಲಿ ಬೆರಳಾಡಿಸುತ್ತಾ, "ಅನ್ನಿಸ್ತಿತ್ತಮ್ಮ," ಎನ್ನುತ್ತಾನೆ. ಆಮೇಲೆ ಅತ್ತಿಗೆಯ ಕಡೆ ತಿರುಗುತ್ತಾನೆ. "ಅತ್ತಿಗೆ, ನಾನು ಹಾಕ್ಕೊಂಡು ಹೋಗೋದು ನಂದೇ ಅಂತ ನಿಮಗ್ಯಾರು ಹೇಳಿದ್ರು?"

"ಒಂದನ್ನ ಆರಿಸಿ ಇಟ್ಕೊಂಡಿದೀಯ ಅಂದ್ಕೊಂಡಿದ್ದೆ."

"ನಾನೆಲ್ಲಿ ಆರಿಸ್ಲಿ? ವರ್ಷವರ್ಷ ಅಮ್ಮ ಡಬ್ಬಿಗೆ ಕೈ ಹಾಕ್ತಾಳೆ, ಸಿಕ್ಕಿದ್ದನ್ನ ಕೊಡ್ತಾಳೆ. ಒಂದೊಂದು ಸಲ ಒಂದೊಂದು. ಇವತ್ತು ಅಣ್ಣಂದೇ ಬಂದಿರಬಹುದು ಅಂದ್ಕೊಂಡೇ ಹೊರಡೋದು. ಇಲ್ದಿದ್ರೆ ಈ ಮಂಡಿ ಹೊತ್ಕೊಂಡು ಅಷ್ಟು ದೂರ ನಡೆಯೋಕೆ ನಂಗೇನು ಹುಚ್ಚಾ?"

ಅಕ್ಕ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಡುತ್ತಾರೆ. ಗಂಡನ ಪದಕ ಕತ್ತಲ ಡಬ್ಬಿಯಲ್ಲೇ ಉಳಿದುಹೋಯಿತೇನೋ ಎಂಬ ಕೊರಗು ಎಷ್ಟು ವರ್ಷದ್ದೋ. ಅವರು ಅಳಬಹುದು ಎಂದು ನಾನು ಮುಖ ಬೇರೆ ಕಡೆ ತಿರುಗಿಸುತ್ತೇನೆ. ಆದರೆ ಕೇಳಿಸುವುದು ಸಣ್ಣ ನಗು.

"ನೋಡು ಮತ್ತೆ. ಇಷ್ಟು ವರ್ಷ ನಿಮ್ಮಣ್ಣ ನಿನ್ನ ಜೊತೆ ನಡೀತಾನೇ ಇದ್ರು. ನಾನೊಬ್ಬಳೇ ಕಿಟಕೀಲಿ ಕೂತಿದ್ದೆ."

ಕೈ ತೊಳೆದು ಬಂದವರು ಅತ್ತೆಯ ಮುಂದೆ ಅಂಗೈ ಚಾಚುತ್ತಾರೆ. "ನಂಗೂ ಒಂದು ಕೊಡಿ ಅತ್ತೆ."

ಅತ್ತೆ ಡಬ್ಬಿಯೊಳಗೆ ನೋಡುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಸೊಸೆಯ ಅಂಗೈಯಲ್ಲಿಟ್ಟು, ಉಳಿದದ್ದನ್ನು ಮಗನಿಗೆ ಕೊಡುತ್ತಾರೆ.

ಸಂಜೆ ಗಿರಾಕಿಗಳ ಕೆಲಸ ಮುಗಿದ ಮೇಲೆ ಅಕ್ಕ ಆ ಪದಕಕ್ಕೆ ಹೊಸ ರಿಬ್ಬನ್ ಕತ್ತರಿಸುತ್ತಾರೆ. ಸಣ್ಣ ಹೊಲಿಗೆಗಳು, ಅವಸರವಿಲ್ಲ. ಭಾನುವಾರ ಬಂದರಿನಲ್ಲಿ ನಿಂತು ದೇವರಲ್ಲಿ ಏನು ಕೇಳಿಕೊಳ್ಳುತ್ತೀರಿ ಎಂದು ವಿಚಾರಿಸುತ್ತೇನೆ.

"ಕೇಳಿಕೊಳ್ಳೋಕೇನಿದೆ? ಬಂದವನು ಇದಾನೆ, ಕೆಲಸ ಕಲಿಸಿದೋರು ಇದಾರೆ. ಮೈದುನನ ಮಂಡಿ ಒಂದು ಕೈಕೊಡದಿದ್ರೆ ಸಾಕು."

ಹೊಲಿದದ್ದನ್ನು ಎದೆಯ ಬಲಕ್ಕೆ ಹಿಡಿದು ಗೋಡೆಯ ಕನ್ನಡಿಯ ಮುಂದೆ ನಿಲ್ಲುತ್ತಾರೆ. ಚೂರು ಮೇಲಕ್ಕೆ ಸರಿಸುತ್ತಾರೆ, ಮತ್ತೆ ಕೆಳಕ್ಕೆ. "ಊರಿನೋರಿಗೆಲ್ಲ ನೋಡಿದ ಕೂಡ್ಲೇ ಹೇಳ್ತೀನಿ. ನನ್ನ ಎದೆ ಮೇಲೆ ಇದು ಎಲ್ಲಿ ಕೂರಬೇಕು ಅಂತ ಗೊತ್ತಾಗ್ತಿಲ್ಲ," ಎಂದು ಅತ್ತೆಯ ಕಡೆ ತಿರುಗುತ್ತಾರೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಕುರ್ಚಿಯಿಂದ ನಿಧಾನವಾಗಿ ಏಳುತ್ತಾರೆ.

"ಕೈ ತೆಗಿ. ನಾನು ಹಾಕ್ತೀನಿ."